ಜೋರ್ಕಾ ಮೂಕಳೆಂಬ ತೀರ್ಪು

ಹ್ಯಾಕೆಟ್ ರನ್, ಪೆನ್ಸಿಲ್ವೇನಿಯಾ
ಅಕ್ಟೋಬರ್ 29, 1957

ಶ್ರೀಮತಿ ಹ್ರುಸ್ಕಾ ಅವರಿಗೆ,

ಶನಿವಾರದ ಬೇಟೆನಾಯಿಗಳ ಪಂದ್ಯದಲ್ಲಿ ನಿಮ್ಮ ಹೆಣ್ಣು ಬೀಗಲ್ ಜೋರ್ಕಾಳನ್ನು ಹೊರಗಿಟ್ಟ ಕಾರಣವನ್ನು ಬರಹದಲ್ಲಿ ಕೊಡಬೇಕೆಂದು ಕೇಳಿದ್ದೀರಿ. ಕೇಳುವ ಹಕ್ಕು ನಿಮಗಿದೆ. ಭಾನುವಾರ ನೀವು ಎರಡು ಸಲ ಫೋನ್ ಮಾಡಿದಾಗ ಬರೆದು ತಿಳಿಸುತ್ತೇನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಒರಟಾಗಿ ಕಂಡಿದ್ದರೆ ಕ್ಷಮಿಸಿ. ಇಂಥ ವಿಷಯ ಬಾಯಿಮಾತಿನಲ್ಲಿ ಮುಗಿಯಬಾರದು.

ಬೆಳಿಗ್ಗೆ ಹತ್ತೂಕಾಲಕ್ಕೆ ಹಳೆಯ ಸೇಬಿನ ತೋಟದ ಬೇಲಿಯ ಬಳಿ ಮೊಲ ಎದ್ದಿತು. ಜೋಡಿಯಾಗಿ ಬಿಟ್ಟಿದ್ದ ಗಂಡು ನಾಯಿ ಜಾಡು ಹಿಡಿದು ದನಿ ಕೊಟ್ಟಿತು. ಜೋರ್ಕಾ ಆ ದನಿಯನ್ನು ನಂಬಿ ಬಂದು ಸೇರಿಕೊಂಡಿತು. ಮೊಲ ತಿರುವು ತೆಗೆದುಕೊಂಡಲ್ಲಿ ಗಂಡು ನಾಯಿ ನೇರ ನುಗ್ಗಿ ವಾಸನೆ ಕಳೆದುಕೊಂಡಿತು. ಜೋರ್ಕಾ ಮಾತ್ರ ಅಲ್ಲೇ ನಿಂತು, ಸಣ್ಣ ಸುತ್ತು ಹಾಕಿ, ಎಡಕ್ಕೆ ಹೋದ ಜಾಡನ್ನು ಪತ್ತೆ ಮಾಡಿತು. ಈ ವರ್ಷ ನಾನು ನೋಡಿದ ಅತ್ಯುತ್ತಮ ಕೆಲಸ ಅದು. ಆದರೆ ಅಲ್ಲಿಂದ ಮುಂದೆ ಹನ್ನೊಂದು ನಿಮಿಷ, ಪೊದೆಗಳ ಆಚೆ, ಅದು ಒಂದು ಸಲವೂ ದನಿ ಕೊಡಲಿಲ್ಲ.

ಬೀಗಲ್ ಮೊಲವನ್ನು ಹಿಡಿಯುವ ನಾಯಿಯಲ್ಲ, ಸುತ್ತಿಸಿ ತರುವ ನಾಯಿ. ಎದ್ದ ಜಾಗಕ್ಕೇ ಮೊಲ ಮರಳುತ್ತದೆ. ಬೇಟೆಗಾರ ಅಲ್ಲಿ ನಿಂತು, ನಾಯಿಯ ದನಿಯಿಂದಲೇ ಓಟ ಎಲ್ಲಿಗೆ ಬಂತೆಂದು ತಿಳಿಯುತ್ತಾನೆ. ದನಿಯಿಲ್ಲದ ಬೀಗಲ್ ಎಷ್ಟು ಚೆನ್ನಾಗಿ ಓಡಿದರೂ ತನಗಾಗಿಯೇ ಓಡುತ್ತದೆ. ಇದನ್ನು ನಿಮಗೆ ಹೇಳುವುದು ಅಧಿಕಪ್ರಸಂಗ. ತೀರ್ಪಿನಲ್ಲಿ ಇರಬೇಕಾದ್ದರಿಂದ ಬರೆದೆ. ಜೊತೆಯ ತೀರ್ಪುಗಾರ ಲೆಸ್ಟರ್ ಬೌಶ್ ಒಪ್ಪಿ ಸಹಿ ಹಾಕಿದ್ದಾನೆ.

ನಿಮ್ಮ ಆಂಡ್ರೂ ಮೂವತ್ತು ವರ್ಷ ಕಟ್ಟಿದ ತಳಿಯಲ್ಲಿ ಉಳಿದಿರುವ ಹೆಣ್ಣು ಇದೊಂದೇ ಎಂದು ನನಗೆ ಗೊತ್ತು. ಅದನ್ನು ತೀರ್ಪಿನೊಳಕ್ಕೆ ತರಲಿಲ್ಲ. ತಂದಿದ್ದರೆ ಮೊದಲು ಬೈಯುತ್ತಿದ್ದವನು ಅವನೇ.

ಗೌರವಪೂರ್ವಕ,
ಎಮ್ಲಿನ್ ಪ್ರೋಥೆರೋ

*

ಹ್ಯಾಕೆಟ್ ರನ್
ನವೆಂಬರ್ 9, 1957

ಪ್ರೋಥೆರೋ ಅವರೇ,

ಇಪ್ಪತ್ತೈದು ವರ್ಷ ನನ್ನನ್ನು ಮಿಲ್ಲಿ ಎಂದು ಕರೆದವರು ಈಗ ಶ್ರೀಮತಿ ಹ್ರುಸ್ಕಾ ಎಂದಿದ್ದೀರಿ. ಇರಲಿ, ಅದೂ ತೀರ್ಪಿನ ಭಾಗವೇ ಇರಬೇಕು.

ನನಗೆ ಅವಳ ದನಿ ಕೇಳಿಸಿತ್ತು. ಅವಳ ದನಿ ಆಂಡ್ರೂವಿನ ಹಳೆಯ ನಾಯಿಗಳ ಹಾಗೆ ದಪ್ಪನೆಯದಲ್ಲ, ತೆಳು, ಎತ್ತರದ್ದು. ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ. ಪೊದೆಯ ಆಚೆಯಿಂದ ಅದೇ ಬರುತ್ತಿದೆ ಎಂದುಕೊಂಡು ನಿಂತಿದ್ದೆ. ಆದರೆ ಸಾಕಿದವಳ ಕಿವಿ ಕೇಳಬೇಕೆನಿಸಿದ್ದನ್ನು ಕೇಳುತ್ತದೆ. ಗಣಿಯಲ್ಲಿ ನೀವು ಸರಳಿನಿಂದ ಚಾವಣಿ ಬಡಿದು, ಕಲ್ಲಿನ ಸದ್ದು ಕೇಳಿ, ಸರಿ ಎಂದರೆ ಆಂಡ್ರೂ ಅದರಡಿಯಲ್ಲೇ ಬುತ್ತಿ ಬಿಚ್ಚುತ್ತಿದ್ದರು. ನಾನು ಹೆದರಿದಾಗಲೆಲ್ಲ ಅವರ ಉತ್ತರ ಒಂದೇ. "ಎಮ್ಲಿನ್ ಕೇಳಿದಾನಲ್ಲ, ಸಾಕು ಬಿಡು." ಇಪ್ಪತ್ತೆರಡು ವರ್ಷ ನನ್ನ ಗಂಡ ಸಂಜೆ ಮನೆಗೆ ಬಂದದ್ದು ನಿಮ್ಮ ಕಿವಿಯಿಂದ. ಈಗ ಅದು ನನಗೆ ಒಪ್ಪಿಗೆಯಾಗದ ಮಾತು ಹೇಳಿತೆಂದು ನಂಬದೆ ಇರಲೇ?

ಆದ್ದರಿಂದ ಆಂಡ್ರೂ ಇದ್ದಿದ್ದರೆ ಮಾಡುತ್ತಿದ್ದುದನ್ನೇ ಮಾಡಿದ್ದೇನೆ. ಮೂಕ ನಾಯಿಯಿಂದ ಮರಿ ತೆಗೆಯುವ ಮನೆ ನಮ್ಮದಲ್ಲ. ಜನವರಿಯಲ್ಲಿ ಅವಳು ಬೆದೆಗೆ ಬಂದಾಗ ಲೆಸ್ಟರ್‌ನ ಗಂಡಿನೊಂದಿಗೆ ಕೂಡಿಸುವುದೆಂದು ಮಾತಾಗಿತ್ತು. ಬೇಡ ಎಂದು ಹೇಳಿಬಿಟ್ಟೆ. ಅವಳಿಗೆ ಏಳು ತುಂಬಿದೆ. ಇನ್ನೊಂದು ಅವಕಾಶ ಬರುವುದು ಕಷ್ಟ.

ನನ್ನ ತಮ್ಮ ಸ್ಟೀಫನ್ ಕಾಲು ಮುರಿದುಕೊಂಡಿದ್ದಾನೆ. ಒಹಾಯೊದಲ್ಲಿ ಅವನ ಜಮೀನು ನೋಡಿಕೊಳ್ಳಲು ಹೋಗುತ್ತಿದ್ದೇನೆ, ಜೋರ್ಕಾಳನ್ನೂ ಕರೆದುಕೊಂಡು. ಅಲ್ಲಿ ಅವನ ಏರ್‌ಡೇಲ್ ನಾಯಿ ಇದೆ. ಅದೂ ಬೇಟೆಯಲ್ಲಿ ಬಾಯಿ ಬಿಡದ ಜಾತಿ. ಇಬ್ಬರಿಗೂ ಹೊಂದಿಕೆಯಾದೀತು.

ಲುದ್ಮಿಲಾ ಹ್ರುಸ್ಕಾ

*

ಹ್ಯಾಕೆಟ್ ರನ್
ನವೆಂಬರ್ 24, 1957

ಮಿಲ್ಲಿ,

ಒಂದೇ ಮಾತು. ಆ ಏರ್‌ಡೇಲ್ ಜೊತೆ ಜೋರ್ಕಾಳನ್ನು ಹೊಲಕ್ಕೆ ಬಿಡಬೇಡ.

ಏರ್‌ಡೇಲ್‌ಗಳನ್ನು ನಾನು ಕಂಡಿದ್ದೇನೆ. ಧೈರ್ಯದಲ್ಲಿ ಅವುಗಳಿಗೆ ಸಾಟಿಯಿಲ್ಲ. ಆದರೆ ಅವು ಜಾಡನ್ನು ಓದುವುದಿಲ್ಲ, ಅಡ್ಡಹಾದಿ ಹಿಡಿಯುತ್ತವೆ. ಜೊತೆಗೆ ಓಡುವ ಬೀಗಲ್ ಹಿಂದುಳಿಯುತ್ತದೆ, ಆಮೇಲೆ ಉಸಿರು ಉಳಿಸಿಕೊಳ್ಳಲು ಬಾಯಿ ಬಿಗಿ ಮಾಡುತ್ತದೆ. ಒಂದು ಚಳಿಗಾಲ ಸಾಕು, ಒಳ್ಳೆಯ ನಾಯಿ ಕೆಡುತ್ತದೆ.

ಸ್ಟೀಫನ್‌ನ ಕಾಲು ಬೇಗ ಗುಣವಾಗಲಿ.

ಎಮ್ಲಿನ್

*

ಬೆಲ್ಮಾಂಟ್ ಕೌಂಟಿ, ಒಹಾಯೊ
ಡಿಸೆಂಬರ್ 15, 1957

ಎಮ್ಲಿನ್,

ನಿಮ್ಮ ಎಚ್ಚರಿಕೆ ತಲುಪಿತು. ಎರಡು ಸಲ ಓದಿದೆ. ಮೂಕಿ ಎಂದು ನೀವೇ ಬರೆದುಕೊಟ್ಟ ನಾಯಿ ಏರ್‌ಡೇಲ್ ಜೊತೆ ಓಡಿ ಕಳೆದುಕೊಳ್ಳುವುದು ಏನನ್ನು?

ಏರ್‌ಡೇಲ್ ಹೆಸರು ಟಿಂಕರ್. ಅರವತ್ತು ಪೌಂಡು ತೂಕ, ತಂತಿಯಂಥ ಕೂದಲು, ನೀರು ಕುಡಿದರೆ ಗಡ್ಡದಿಂದ ಅಡುಗೆಮನೆಯ ಉದ್ದಕ್ಕೂ ಸುರಿಸುತ್ತಾನೆ. ಬಂದ ವಾರ ಜೋಳದ ಕಣಜಕ್ಕೆ ರಕೂನ್ ನುಗ್ಗಿತ್ತು. ಇವನು ಯಾವಾಗ ಎದ್ದು ಹೋದನೋ ತಿಳಿಯಲಿಲ್ಲ. ಬೊಗಳಲಿಲ್ಲ, ಗುರುಗುಡಲಿಲ್ಲ. ಕಾಲು ಗಂಟೆಯ ಮೇಲೆ ಹರಿದ ಕಿವಿ ಹೊತ್ತು ಬಂದು, ಟಪಾಲು ತರಲು ಹೋಗಿದ್ದವನ ಹಾಗೆ ಒಲೆಯ ಪಕ್ಕ ಮಲಗಿದ. ರಕೂನ್ ಕಣಜದ ಮೆಟ್ಟಿಲ ಮೇಲೆ ಸತ್ತುಬಿದ್ದಿತ್ತು. ಹೊಗಳಿದರೆ ಮುಖ ತಿರುಗಿಸುತ್ತಾನೆ. ಜೋರ್ಕಾ ಹಾಗಲ್ಲ, ನಿಮಗೇ ಗೊತ್ತು. ಒಂದು ಒಳ್ಳೆಯ ಮಾತಿಗೆ ಅವಳ ಹಿಂಭಾಗವೆಲ್ಲ ಕುಣಿಯುತ್ತದೆ.

ಊರುಗೋಲು ಹಿಡಿದು ಬೇಲಿಯ ಬಳಿ ನಿಲ್ಲುವ ಸ್ಟೀಫನ್‌ಗೆ ಇವರಿಬ್ಬರನ್ನು ನೋಡುವುದೇ ಈಗ ಹೊತ್ತು ಕಳೆಯುವ ದಾರಿ. ಅವನು ಹೇಳುವುದು ಹೀಗೆ. "ಅಕ್ಕಾ, ನಿನ್ನ ಗಿಡ್ಡಿ ಮೂಗು ಹೇಳಿದ್ದನ್ನ ಮಾಡ್ತಾಳೆ. ಇವ್ನು ಮೂಗು ಹೇಳಿದ್ದನ್ನ ಕೇಳಿಸ್ಕೊಂಡು ಆಮೇಲೆ ಯೋಚ್ನೆ ಮಾಡ್ತಾನೆ."

ಅದು ನಿಜ. ಮೊದಲ ದಿನ ಜೋರ್ಕಾ ತೊರೆಯ ಬಳಿ ಮೊಲ ಎಬ್ಬಿಸಿದಳು. ಅಂಗುಲ ಅಂಗುಲವಾಗಿ ಜಾಡು ಹಿಡಿದು ಹೋದಳು. ಟಿಂಕರ್ ಇಳಿಜಾರನ್ನು ಒಮ್ಮೆ ನೋಡಿ, ಬೇಲಿ ಮುರಿದ ಕಡೆಗೆ ನಡೆದುಹೋಗಿ ಕಾಯುತ್ತ ನಿಂತ. ಮೊಲ ಅವನ ಬಾಯಿಗೇ ಬಂತು. ಸ್ವಲ್ಪ ಹೊತ್ತಿನ ಮೇಲೆ ಇವಳು ಮೂಗು ನೆಲಕ್ಕಿಟ್ಟುಕೊಂಡು ಬಂದಳು, ಅವನ ಕಾಲ ಬೆರಳಿನವರೆಗೆ. ಅಲ್ಲಿ ತಲೆಯೆತ್ತಿ ನೋಡಿದಳು. ಆ ನೋಟ ನೋಡಲಾಗಲಿಲ್ಲ. ಹೀಗೆ ಮೂರು ಸಲ ಆಯಿತು.

ಆ ಮೊದಲ ದಿನ ಅವಳು ಓಡಿದಷ್ಟೂ ಹೊತ್ತು ದನಿ ಎತ್ತಿದ್ದಳು, ನನ್ನ ಕಿವಿಗೆ ಕೇಳಿಸಿದಂತೆ. ಸ್ಟೀಫನ್ ಇವಳನ್ನು ಮೂಕಿ ಎಂದವನು ಯಾರು ಎಂದು ಕೇಳಿದ. ನಿಮ್ಮ ಹೆಸರು ಹೇಳಿದೆ. ಆಂಡ್ರೂವಿನ ಬಾಯಲ್ಲಿ ನಿಮ್ಮ ಕಥೆ ಕೇಳಿ ಬೆಳೆದವನು ಅವನು. ಹಾಗಾದ್ರೆ ಸರಿ ಎಂದ.

ಕ್ರಿಸ್‌ಮಸ್‌ಗೆ ಮನೆಯಲ್ಲಿ ಮೇಗನ್‌ಗೆ ನನ್ನ ನೆನಪು ಹೇಳಿ.

ಮಿಲ್ಲಿ

*

ಹ್ಯಾಕೆಟ್ ರನ್
ಜನವರಿ 12, 1958

ಮಿಲ್ಲಿ,

ಇಲ್ಲಿ ಒಂದು ಅಡಿ ಹಿಮ ಬಿದ್ದಿದೆ. ನಿನ್ನೆ ಎಳೆಯ ನಾಯಿ ಪಿಪ್‌ನನ್ನು ಕಲ್ಲುಗಣಿಯ ಗುಡ್ಡದ ಕೆಳಗೆ ಓಡಿಸಿದೆ. ಚೆನ್ನಾಗಿ ಓಡಿತು.

ಜೋರ್ಕಾ ಬೆದೆಗೆ ಬರುವುದು ಯಾವಾಗ ಎಂದು ತಿಳಿಸುತ್ತೀಯಾ? ಅವಳು ಈಗಲೂ ದನಿ ಎತ್ತುತ್ತಾಳೆಂದು ನಿನಗೆ ಅನ್ನಿಸುತ್ತದೆಯೇ?

ಮೇಗನ್ ಕ್ಷೇಮವಾಗಿದ್ದಾಳೆ.

ಎಮ್ಲಿನ್

*

ಬೆಲ್ಮಾಂಟ್ ಕೌಂಟಿ
ಫೆಬ್ರವರಿ 2, 1958

ಎಮ್ಲಿನ್,

ಬೆದೆ ಶುರುವಾಗಿ ಇವತ್ತಿಗೆ ಎಂಟನೆಯ ದಿನ. ಹತ್ತರಿಂದ ಹದಿನಾಲ್ಕು ಅವಳ ದಿನಗಳು. ಮೊದಲಿಂದಲೂ ಹಾಗೆಯೇ. ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದೇನೆ. ಟಿಂಕರ್ ಬಾಗಿಲಿಗೆ ಬೆನ್ನು ಕೊಟ್ಟು ಊಟ ಬಿಟ್ಟು ಮಲಗಿದ್ದಾನೆ. "ನಮ್ಮೋನು ವರ ಆಗೋಕೆ ಏನು ಕಮ್ಮಿ ಅಕ್ಕಾ, ಗಡ್ಡ ಇದೆ, ಜಮೀನಿದೆ" ಎಂದು ಸ್ಟೀಫನ್ ಛೇಡಿಸುತ್ತಾನೆ. ನನಗೆ ನಗು ಬರಲಿಲ್ಲ.

ಏಕೆ ಕೇಳಿದಿರಿ? ಮೂಕಳ ಬೆದೆಯ ದಿನ ತೀರ್ಪುಗಾರರಿಗೆ ಏಕೆ ಬೇಕು?

ದನಿಯ ಬಗ್ಗೆ ಕೇಳಿದ್ದೀರಿ. ಕ್ರಿಸ್‌ಮಸ್‌ವರೆಗೆ ಎತ್ತುತ್ತಿದ್ದಳು. ಆಮೇಲೆ ಕಡಿಮೆಯಾಯಿತು. ಜನವರಿಯ ನಡುವಿನಿಂದ ಇಲ್ಲವೇ ಇಲ್ಲ. ಟಿಂಕರ್‌ನ ಪಕ್ಕಕ್ಕೆ ಪಕ್ಕವಾಗಿ ಬಾಯಿ ಮುಚ್ಚಿ ಓಡುತ್ತಾಳೆ, ಈಗ ಹಿಂದೆ ಉಳಿಯುವುದಿಲ್ಲ. ಹೋದ ವಾರ ಇಬ್ಬರೂ ಸೇರಿ ಒಂದು ಮೊಲವನ್ನು ಸುತ್ತಿಸದೆ ನೇರ ಹಿಡಿದರು. ಅವಳ ಬಾಯಲ್ಲಿ ರಕ್ತವಿತ್ತು. ಆಂಡ್ರೂವಿನ ಯಾವ ನಾಯಿಯ ಬಾಯಲ್ಲೂ ನಾನು ಅದನ್ನು ಕಂಡಿರಲಿಲ್ಲ.

ನಿಮ್ಮ ತೀರ್ಪು ಈಗಂತೂ ಸರಿಯಾಗಿದೆ.

ಮಿಲ್ಲಿ

*

ಹ್ಯಾಕೆಟ್ ರನ್
ಮಾರ್ಚ್ 17, 1958

ಮಿಲ್ಲಿ,

ಜೊತೆಯಲ್ಲಿರುವ ಕಾಗದ ಕ್ಲಬ್ಬಿಗೆ ಬರೆದದ್ದರ ಪ್ರತಿ. ಮೊದಲು ಅದನ್ನು ಓದು. ಉಳಿದದ್ದು ನಿನಗೆ.

ಜನವರಿ ಹನ್ನೊಂದರ ಬೆಳಿಗ್ಗೆ ನಾನು ಗುಡ್ಡದ ಮೇಲೆ ನಿಂತಿದ್ದೆ. ಪಿಪ್ ಕೆಳಗೆ ಹಿಮದಲ್ಲಿ ಮೊಲದ ಜಾಡಿನ ಮೇಲೆ ಓಡುತ್ತಿತ್ತು, ನನ್ನಿಂದ ನಲವತ್ತು ಗಜವೂ ಇಲ್ಲ. ದನಿಯಿಲ್ಲ. ಇದೂ ಮೂಕವೇ ಎಂದುಕೊಂಡು ಹೆಸರು ಹಿಡಿದು ಕರೆಯಲು ಬಾಯಿ ತೆರೆದೆ. ಆಗ ಸೂರ್ಯ ಮರಗಳಿಂದ ಮೇಲೆ ಬಂದ. ನಾಯಿ ತಲೆ ಎತ್ತಿ ಎತ್ತಿ ಓಡುತ್ತಿತ್ತು, ಪ್ರತಿ ಸಲವೂ ಅದರ ಬಾಯಿಂದ ಬಿಳಿಯ ಉಸಿರಿನ ಉಂಡೆಯೊಂದು ಹಾರಿ ಬೀಳುತ್ತಿತ್ತು. ಒಂದರ ಹಿಂದೆ ಒಂದು, ಎಣಿಸಬಹುದಾದಷ್ಟು ಸ್ಪಷ್ಟ. ಅದು ಬೊಗಳುತ್ತಿತ್ತು, ಮಿಲ್ಲಿ. ಗಂಟಲು ಬಿರಿಯುವ ಹಾಗೆ ಬೊಗಳುತ್ತಿತ್ತು. ಗಾಳಿ ಇರಲಿಲ್ಲ. ಪಕ್ಕದ ಮರದಿಂದ ಒಂದು ಕಾಗೆ ಎದ್ದು ಹೋಯಿತು. ಕಾಗೆಗೆ ಕೇಳಿಸಿತ್ತು.

ಮನೆಗೆ ಬಂದು ಮೇಗನ್‌ಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಮೂರು ವರ್ಷದಿಂದ ಕೂಗಿ ಕೂಗಿ ನನ್ನ ಗಂಟಲು ಹೋಗಿದೆ. ನಿಮಗೆ ಕಿವಿ ಮಂದ ಅಂತ ನಾನು ಬಾಯಿ ಬಿಟ್ಟು ಹೇಳ್ಬೇಕಿತ್ತೇನ್ರಿ?" ವೈದ್ಯ ಪರೀಕ್ಷೆ ಮಾಡಿದ. ಗಣಿಯಲ್ಲಿ ಕಲ್ಲಿದ್ದಲು ಕೊರೆಯುವ ಯಂತ್ರದ ಪಕ್ಕ ಕೆಲಸ ಮಾಡಿದವರಿಗೆ ಹೀಗಾಗುತ್ತದಂತೆ. ಎತ್ತರದ ದನಿಗಳು ಮೊದಲು ಹೋಗುತ್ತವೆ, ದಪ್ಪನೆಯವು ಉಳಿಯುತ್ತವೆ. ಆದ್ದರಿಂದ ಹೋದದ್ದು ಗೊತ್ತಾಗುವುದೇ ಇಲ್ಲ. ನನಗೆ ಗೊತ್ತಾಗಲಿಲ್ಲ ಎಂದು ಬರೆಯುವುದೂ ಪೂರ್ತಿ ನಿಜವಲ್ಲ. ಫೋನಿನಲ್ಲಿ ನಿನ್ನ ಮಾತು ಅರ್ಧವೂ ತಿಳಿಯದೆ, ಬರೆದು ತಿಳಿಸುತ್ತೇನೆ ಎಂದು ಇಟ್ಟವನು ನಾನು.

ಆಮೇಲೆ ಲೆಸ್ಟರ್‌ನ ಮನೆಗೆ ಹೋದೆ. ಅಕ್ಟೋಬರ್‌ನಲ್ಲಿ ಜೋರ್ಕಾಳ ದನಿ ಅವನಿಗೆ ಕೇಳಿಸಿತ್ತೇ ಎಂದು ಕೇಳಿದೆ.

"ಕೇಳಿಸ್ತು ಕಣೋ. ಹನ್ನೊಂದು ನಿಮಿಷಾನೂ ಕೇಳಿಸ್ತು."

ಮತ್ತೆ ಸಹಿ ಯಾಕೆ ಹಾಕಿದೆ ಎಂದೆ.

"ನಿಂಗೆ ಕೇಳಿಸ್ದೇ ಇದ್ದಿದ್ದು ನಂಗೆ ಕೇಳಿಸ್ತು ಅಂದ್ರೆ ತಪ್ಪು ನನ್ನ ಕಿವೀದೇ ಅಂದ್ಕೊಂಡೆ."

ಆ ದಿನ ಮೈದಾನದಲ್ಲಿ ನಲವತ್ತು ಜನ ಇದ್ದರು. ಎಲ್ಲರಿಗೂ ಕೇಳಿಸಿತ್ತು, ನಿನಗೂ ಸೇರಿ. ಎಲ್ಲರೂ ನನ್ನ ಮುಖ ನೋಡಿ ನಿಮ್ಮ ನಿಮ್ಮ ಕಿವಿಯನ್ನು ಬಿಟ್ಟುಕೊಟ್ಟಿರಿ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಅಷ್ಟು ನಂಬಿಕೆ ಪಡೆದವನು ತನ್ನನ್ನು ಪರೀಕ್ಷಿಸಿಕೊಳ್ಳುತ್ತಿರಬೇಕಿತ್ತು. ಗಣಿ ಬಿಟ್ಟು ಮೂರು ವರ್ಷ ಮೂರು ತಿಂಗಳಾಯಿತು. ಅದಕ್ಕೂ ಹಿಂದಿನ ದಿನಗಳಲ್ಲಿ ಎಷ್ಟು ಚಾವಣಿಗಳನ್ನು ಸರಿ ಎಂದೆನೋ. ಯಾವುದೂ ಬೀಳಲಿಲ್ಲ. ಅದೇ ಯೋಚನೆಯಲ್ಲಿ ಹಗಲು ಹೋಗುತ್ತದೆ.

ಇನ್ನು ಹೇಳಬೇಕಾದದ್ದು ಇದಕ್ಕಿಂತ ಕೆಟ್ಟದ್ದು. ಜನವರಿ ಹನ್ನೆರಡರಂದು ನಿನಗೆ ಬರೆಯಲು ಕುಳಿತಾಗ ಎಲ್ಲ ಹೇಳುವವನಿದ್ದೆ. ಬೆದೆಯ ದಿನ ಕೇಳಿ ನಿಲ್ಲಿಸಿದೆ. ನಿನ್ನ ಉತ್ತರ ನನ್ನ ಕೈ ಸೇರಿದ ದಿನ ಜೋರ್ಕಾಳಿಗೆ ಹತ್ತನೆಯ ದಿನ. ಲೆಸ್ಟರ್‌ನ ಗಂಡನ್ನು ಕಾರಿಗೆ ಹತ್ತಿಸಿಕೊಂಡಿದ್ದರೆ ಒಹಾಯೊ ಮೂರು ಗಂಟೆಯ ದಾರಿ. ನಾನು ಪತ್ರವನ್ನು ಮಡಚಿ ಗಡಿಯಾರದ ಹಿಂದೆ ಇಟ್ಟೆ. ಏಪ್ರಿಲ್ ಪಂದ್ಯಗಳ ತೀರ್ಪುಗಾರರ ಪಟ್ಟಿ ಆ ವಾರವೇ ಬಂದಿತ್ತು. ಮೊದಲ ಹೆಸರು ನನ್ನದು. ಅದೊಂದು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಹದಿನಾಲ್ಕನೆಯ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದೆ. ಅದು ದಾಟಿಹೋಯಿತು.

ಮೊದಲ ತಪ್ಪು ಕಿವಿಯದು. ಎರಡನೆಯದು ನನ್ನದು. ಬೇಸಿಗೆಯಲ್ಲಿ ಅವಳು ಮತ್ತೆ ಬೆದೆಗೆ ಬಂದರೆ, ನೀನು ಒಪ್ಪಿದರೆ, ಲೆಸ್ಟರ್ ತನ್ನ ಗಂಡನ್ನು ತರುತ್ತಾನೆ. ಅವಳು ಬಾಯಿ ಮುಚ್ಚಿದ್ದು ಓಟದಲ್ಲಿ ಕಲಿತ ಚಾಳಿ. ಅದು ರಕ್ತಕ್ಕೆ ಇಳಿಯುವುದಿಲ್ಲ.

ಎಮ್ಲಿನ್

*

(ಜೊತೆಯಲ್ಲಿದ್ದ ಪ್ರತಿ)

ಕಾರ್ಯದರ್ಶಿ, ಹ್ಯಾಕೆಟ್ ರನ್ ಬೀಗಲ್ ಕ್ಲಬ್
ಮಾರ್ಚ್ 17, 1958

ಮಾನ್ಯರೇ,

ಕಳೆದ ಅಕ್ಟೋಬರ್ 26ರ ಪಂದ್ಯದಲ್ಲಿ ಶ್ರೀಮತಿ ಹ್ರುಸ್ಕಾ ಅವರ ಜೋರ್ಕಾ ದನಿ ಕೊಡದೆ ಓಡಿತೆಂದು ನಾನು ತೀರ್ಪು ಕೊಟ್ಟೆ. ಅದು ಸುಳ್ಳು. ನಾಯಿ ದನಿ ಕೊಟ್ಟಿತ್ತು, ನನಗೆ ಕೇಳಿಸಲಿಲ್ಲ. ಎತ್ತರದ ದನಿಗಳು ನನಗೆ ಈಗ ಕೇಳುವುದಿಲ್ಲ. ಎಷ್ಟು ಕಾಲದಿಂದ ಎಂದು ನಿಖರವಾಗಿ ಹೇಳಲಾರೆ, ಮೂರು ವರ್ಷಕ್ಕೆ ಕಡಿಮೆಯಿಲ್ಲ. ಆ ಅವಧಿಯಲ್ಲಿ ನಾನು ಕೊಟ್ಟ ಪ್ರತಿಯೊಂದು ತೀರ್ಪನ್ನೂ ಕ್ಲಬ್ಬು ಅನುಮಾನಿಸಬೇಕು. ನನ್ನ ಹೆಸರನ್ನು ತೀರ್ಪುಗಾರರ ಪಟ್ಟಿಯಿಂದ ತೆಗೆಯಿರಿ. ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕೆಂದು ಕೋರುತ್ತೇನೆ.

ಎಮ್ಲಿನ್ ಪ್ರೋಥೆರೋ

*

ಹ್ಯಾಕೆಟ್ ರನ್
ಏಪ್ರಿಲ್ 6, 1958

ಎಮ್ಲಿನ್,

ಎದುರಿಗೆ ಬಂದು ಕೂಗಿ ಹೇಳುವುದಕ್ಕಿಂತ ಬರೆಯುವುದೇ ಮೇಲು ಎನ್ನಿಸಿತು.

ಕಾರ್ಯದರ್ಶಿಯಾದ್ದರಿಂದ ಸಭೆಯಲ್ಲಿ ನಿನ್ನ ಕಾಗದವನ್ನು ನಾನೇ ಓದಬೇಕಾಯಿತು. ಆಮೇಲೆ ಗಲಾಟೆ ಹೊತ್ತಿಕೊಂಡಿತು. 1956ರಲ್ಲಿ ನೀನು ಮೂಕ ಎಂದು ಹೊರಗಿಟ್ಟ ತನ್ನ ನಾಯಿಯನ್ನು ಗುಂಡು ಹೊಡೆದು ಕೊಂದವನೊಬ್ಬ ಎದ್ದು ನಿಂತ. ಟೋಪಿ ಹಾಕಿಕೊಂಡು ಹೊರಟುಹೋದ. ಬಹುಮಾನಗಳನ್ನು ವಾಪಸು ಕೇಳಬೇಕು ಎಂದ ಒಬ್ಬ. ಇನ್ನೊಬ್ಬ, "ಮುದುಕ ಹೇಳದೆ ಇದ್ದಿದ್ರೆ ಯಾರಿಗ್ರಯ್ಯ ಗೊತ್ತಾಗ್ತಿತ್ತು" ಎಂದ. ಅವನು ಹೊಗಳಿದನೋ ಬೈದನೋ ತಿಳಿಯಲಿಲ್ಲ.

ನಿನ್ನ ಹೆಸರು ತೆಗೆದಿದ್ದೇವೆ. ಜೋರ್ಕಾಳ ದಾಖಲೆ ತಿದ್ದಿದ್ದೇವೆ. ಗಂಡನ್ನು ಕೊಡಲು ನನ್ನ ಅಡ್ಡಿಯಿಲ್ಲ.

ನಮಗೆಲ್ಲ ಕೇಳಿಸಿದ್ದನ್ನು ನಾವು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಲೆಸ್ಟರ್

*

ಬೆಲ್ಮಾಂಟ್ ಕೌಂಟಿ
ಮೇ 7, 1958

ಎಮ್ಲಿನ್,

ಉತ್ತರ ಬರೆಯಲು ನನಗೆ ಏಳು ವಾರ ಬೇಕಾಯಿತು. ಗುಡ್ಡದ ಮೇಲೆ ಕಂಡದ್ದನ್ನು ಹೇಳಲು ನಿಮಗೆ ಒಂಬತ್ತು ಬೇಕಾಗಿತ್ತು.

ಕಿವಿಯ ವಿಷಯದಲ್ಲಿ ನನಗೆ ಕೋಪವಿಲ್ಲ. ಆಂಡ್ರೂವಿಗೆ ಗಣಿ ಶ್ವಾಸಕೋಶ ತೆಗೆದುಕೊಂಡಿತು, ನಿಮಗೆ ಇದು. ಗಡಿಯಾರದ ಹಿಂದೆ ಇಟ್ಟ ಪತ್ರದ ಬಗ್ಗೆ ಏನು ಬರೆಯಬೇಕೆಂದು ಇನ್ನೂ ತಿಳಿದಿಲ್ಲ. ತಿಳಿದರೆ ಬರೆಯುತ್ತೇನೆ.

ನನ್ನ ಪಾಲೂ ಇದೆ. ಅವಳು ಓಡಿದ ಹನ್ನೊಂದು ನಿಮಿಷವೂ ನನಗೆ ಕೇಳಿಸಿತ್ತು. "ಆಯ್ತು ಮಗಳೇ, ಬಾ" ಎಂದು ಕೊರಳಿಗೆ ಹಗ್ಗ ಹಾಕಿದವಳು ನಾನು.

ಜುಲೈ ಕೊನೆಗೆ ಬೆದೆ ಬರಬಹುದು. ಲೆಸ್ಟರ್‌ಗೆ ಹೇಳಿ.

ಮಿಲ್ಲಿ

*

ಹ್ಯಾಕೆಟ್ ರನ್
ಆಗಸ್ಟ್ 10, 1958

ಮಿಲ್ಲಿ,

ಲೆಸ್ಟರ್ ಬಂದು ಕೈಸನ್ನೆಯಲ್ಲಿ ಎಲ್ಲ ಹೇಳಿದ. ಕೂಡಿಸಿದ್ದು ಜುಲೈ ಇಪ್ಪತ್ತೊಂಬತ್ತು ಮತ್ತು ಮೂವತ್ತೊಂದು. ಅಂದರೆ ಮರಿ ಸೆಪ್ಟೆಂಬರ್ ಕೊನೆಗೆ. ಅವಳಿಗೆ ದಿನಕ್ಕೊಂದು ಮೊಟ್ಟೆ ಹಾಕು ಎಂದು ಬರೆಯುವವನಿದ್ದೆ, ನಿನಗೆ ತಿಳಿಯದ್ದಲ್ಲ.

ಇದಕ್ಕೆ ಉತ್ತರ ಬೇಡ. ಮರಿ ಹಾಕಿದರೆ ಒಂದು ಸಾಲು ಬರೆ.

ಎಮ್ಲಿನ್

*

ಬೆಲ್ಮಾಂಟ್ ಕೌಂಟಿ
ಅಕ್ಟೋಬರ್ 12, 1958

ಎಮ್ಲಿನ್,

ಮರಿಗಳಿಲ್ಲ.

ಹೊಟ್ಟೆ ದಪ್ಪಗಾಗಿತ್ತು. ಹಾಲು ಇಳಿದಿತ್ತು. ಸೆಪ್ಟೆಂಬರ್ ಇಪ್ಪತ್ತೇಳರಿಂದ ನೆಲಮಾಳಿಗೆಯಲ್ಲಿ ಹಳೆಯ ಕಂಬಳಿ ಕೆದರಿ ಕೆದರಿ ಗೂಡು ಮಾಡಿಕೊಂಡಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮೂರು ದಿನ ಕುಳಿತೆ. ನಾಲ್ಕನೆಯ ದಿನ ಪಶುವೈದ್ಯ ಬಂದು ಹೊಟ್ಟೆ ಮುಟ್ಟಿ ನೋಡಿ, ಒಳಗೆ ಏನೂ ಇಲ್ಲ, ವಯಸ್ಸಾದ ನಾಯಿಗಳಲ್ಲಿ ಮೈ ಹೀಗೆ ತನಗೆ ತಾನೇ ಮೋಸ ಮಾಡಿಕೊಳ್ಳುತ್ತದೆ ಎಂದ. ಆ ಹೊತ್ತಿಗೆ ಅವಳು ಸ್ಟೀಫನ್‌ನ ಚರ್ಮದ ಕೈಗವಸೊಂದನ್ನು ಎಳೆದು ತಂದು ಹೊಟ್ಟೆಯಡಿ ಇಟ್ಟುಕೊಂಡು ನೆಕ್ಕುತ್ತಿದ್ದಳು. ಹತ್ತಿರ ಹೋದರೆ ನನ್ನ ಮೇಲೂ ಹಲ್ಲು ಮಸೆಯುತ್ತಿದ್ದಳು. ಟಿಂಕರ್‌ನನ್ನು ಮಾತ್ರ ಬಿಟ್ಟುಕೊಂಡಳು. ಆ ಒರಟ ಎಂಟು ದಿನ ಮೆಟ್ಟಿಲ ಬಳಿ ಕಾವಲು ಮಲಗಿದ್ದ. ಹಾಲು ಬತ್ತಿದ ಮೇಲೆ ಒಂದು ಬೆಳಿಗ್ಗೆ ಅವಳೇ ಎದ್ದು ಮೇಲೆ ಬಂದಳು.

ಇನ್ನು ಕೂಡಿಸುವುದಿಲ್ಲ. ಆಂಡ್ರೂವಿನ ತಳಿ ಇವಳೊಂದಿಗೆ ಮುಗಿಯಿತು.

ಫೆಬ್ರವರಿಯಲ್ಲಿ ಕೂಡಿಸಿದ್ದರೆ ಮರಿ ನಿಲ್ಲುತ್ತಿತ್ತೇ ಎಂದು ವೈದ್ಯನನ್ನು ಕೇಳಿದೆ. ನಿಲ್ಲಬಹುದಿತ್ತು ಎಂದ. ಇದನ್ನು ನಿಮ್ಮಿಂದ ಮುಚ್ಚಿಡಬಹುದಾಗಿತ್ತು. ಮುಚ್ಚಿಟ್ಟು ಏನಾಗುತ್ತದೆಂದು ನಾವಿಬ್ಬರೂ ನೋಡಿದ್ದೇವೆ. ಹೇಳಿಬಿಟ್ಟೆ. ಇನ್ನು ಈ ಮಾತನ್ನು ನಾನು ಎತ್ತುವುದಿಲ್ಲ, ನೀವೂ ಎತ್ತಬೇಡಿ.

ನೀವು ಪಿಪ್‌ನನ್ನೂ ಉಳಿದ ನಾಯಿಗಳನ್ನೂ ಕೊಟ್ಟುಬಿಟ್ಟಿರೆಂದು, ಮನೆಯಿಂದ ಹೊರಗೆ ಬರುವುದಿಲ್ಲವೆಂದು ಮೇಗನ್ ಬರೆದಿದ್ದಾಳೆ. ಇಲ್ಲಿ ಮೊಲದ ಬೇಟೆ ನವೆಂಬರ್ ಹದಿನೈದರ ಶನಿವಾರ ಶುರು. ಬನ್ನಿ. ಜೋರ್ಕಾ ಈಗ ದನಿ ಎತ್ತುವುದಿಲ್ಲ, ಟಿಂಕರ್ ಎಂದೂ ಎತ್ತಿದವನಲ್ಲ. ಇಲ್ಲಿ ಗುಡ್ಡದ ಮೇಲೆ ನಿಂತರೆ ನನಗೆ ಕೇಳಿಸುವುದಕ್ಕೂ ನಿಮಗೆ ಕೇಳಿಸುವುದಕ್ಕೂ ವ್ಯತ್ಯಾಸವಿಲ್ಲ. ಕಣ್ಣಿಟ್ಟು ಕಾಯಬೇಕು, ಅಷ್ಟೇ. ಬೇಲಿಯ ಯಾವ ಸಂದಿಗೆ ಮೊಲ ಬರುತ್ತದೆಂದು ಟಿಂಕರ್‌ಗೆ ಗೊತ್ತಿರುತ್ತದೆ. ಅವನ ಮುಖ ಎತ್ತ ಇದೆಯೋ ಅತ್ತ ನೋಡಿದರಾಯಿತು.

ಶುಕ್ರವಾರದ ಬಸ್ಸು ನಾಲ್ಕು ಗಂಟೆಗೆ ಕವಲುದಾರಿಯಲ್ಲಿ ನಿಲ್ಲುತ್ತದೆ. ಸ್ಟೀಫನ್ ಟ್ರಕ್ಕು ತರುತ್ತಾನೆ. ಹಾರ್ನ್ ಹೊಡೆಯಬೇಡ ಎಂದು ಹೇಳಿದ್ದೇನೆ. ಅವನೇ ಇಳಿದು ನಿಮ್ಮ ಎದುರಿಗೆ ಬಂದು ನಿಲ್ಲುತ್ತಾನೆ.

ಮಿಲ್ಲಿ